ತಂಪುಮನೆಯ ಹೊರಗೆ ದೂಮಣ್ಣ

ಬಳ್ಳಾರಿ, ೨೧೮೭, ಎರಡನೇ ಬೇಸಿಗೆಯ ಹನ್ನೊಂದನೇ ದಿನ

ನೂರರವತ್ತು ವರ್ಷ ಹಿಂದಿನ ಹಿರಿಯರಿಗೆ ಹುಲಿಗೆವ್ವ ಬರೆಯುವ ಕಾಗದ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಕಾವುಗಾಳಿ ಬೀಸಿದ ಮಧ್ಯಾಹ್ನ ಹೊರಗಿದ್ದವರು ಬದುಕುವುದು ಕಷ್ಟ. ಅದಕ್ಕೇ ಊರೂರಿಗೂ ನೆಲದಡಿ ತಂಪುಮನೆಗಳಿವೆ. ಅವನ್ನು ನಡೆಸುವುದು ರಾಷ್ಟ್ರೀಯ ಜೀವಾಸರೆ ಸಂಘ. ಕಡಲು ಕರಾವಳಿಯ ಊರುಗಳಿಗೆ ನುಗ್ಗಿದ ವರ್ಷ ಮೀನುಗಾರರು ತಮ್ಮ ದೋಣಿಗಳಲ್ಲಿ ಸಾವಿರಾರು ಜನರನ್ನು ಎತ್ತಿ ತಂದರು. ಆ ದೋಣಿಯವರೇ ಕಟ್ಟಿದ ಸಂಘ ಇದು. ಯಾವ ಊರು, ಯಾವ ಜಾತಿ ಎಂದು ಕೇಳದೆ ಮೊದಲು ನೀರು ಕೊಡಬೇಕು ಎಂದು ಅವರು ನಿಯಮ ಬರೆದರು. ಆಮೇಲೆ ಸಂಘ ದೇಶದ ತುಂಬ ಹಬ್ಬಿತು. ಕಾಲರಾ ಬಂದಾಗ ಹಾಸಿಗೆ ಹಾಕಿತು, ಗಡಿಯಲ್ಲಿ ಯುದ್ಧವಾದಾಗ ಎರಡೂ ಕಡೆಯ ಗಾಯಾಳುಗಳನ್ನು ಹೊತ್ತಿತು. ಅದರ ಕೆಲಸಕ್ಕೆ ಸೇರಿ ಬಿಳಿ ಅಂಗಿ ತೊಟ್ಟ ದಿನ ನಾನು ಅವ್ವನ ಮುಂದೆ ಮೂರು ಸಲ ತಿರುಗಿ ತೋರಿಸಿದ್ದೆ.

ಹೋದ ವರ್ಷ ಸಂಘದ ಕೇಂದ್ರ ಸಮಿತಿಯಿಂದ ಸುತ್ತೋಲೆ ಬಂತು: ನೆಲೆಚೀಟಿ, ಅಂದರೆ ವಾಸದ ಊರಿನ ದಾಖಲೆ, ಇದ್ದವರಿಗಷ್ಟೇ ತಂಪುಮನೆ. ಕಡಲು ನುಂಗಿದ ಊರಿನವರು ಚೀಟಿ ಎಲ್ಲಿಂದ ತರಬೇಕು? ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಈ ವರ್ಷದ ಮೊದಲ ಬೇಸಿಗೆಯಲ್ಲಿ, ಕಾವುಗಾಳಿ ಬೀಸಿದ ಒಂದು ಮಂಗಳವಾರ, ತಂಪುಮನೆಯ ಬಾಗಿಲಲ್ಲಿ ನಾನೇ ಇದ್ದೆ. ಮಲ್ಪೆ ಮುಳುಗಿದ ಮೇಲೆ ಇಲ್ಲಿಗೆ ಬಂದ ಜಲಜಾ ಪುತ್ರನ್, ಎಂಬತ್ತು ದಾಟಿದ ಅಪ್ಪ ದೂಮಣ್ಣನನ್ನು ಬೆನ್ನ ಮೇಲೆ ಹೊತ್ತು ತಂದಳು. ಇಬ್ಬರ ಬಳಿಯೂ ಚೀಟಿ ಇರಲಿಲ್ಲ, ಅವರ ಹಿಂದೆ ಬಂದು ನಿಂತವರ ಬಳಿಯೂ ಇರಲಿಲ್ಲ.

"ನಾನು ಹೊರಗೇ ಇರ್ತೇನೆ ಅಕ್ಕಾ. ಅಪ್ಪನನ್ನು ಒಬ್ಬರನ್ನು ಒಳಗೆ ಬಿಡಿ."

ಶಾಖೆಯ ಕಾರ್ಯದರ್ಶಿ ಪಂಪನಗೌಡರಿಗೆ ಫೋನ್ ಮಾಡಿದೆ. "ಒಳಗ ಅರ್ಧಕ್ಕರ್ಧ ಖಾಲಿ ಐತ್ರಿ ಸರ."

"ಜಾಗದ ಮಾತಲ್ಲ ಹುಲಿಗೆವ್ವ. ಒಬ್ಬರನ್ನ ಬಿಟ್ರ ನಾಳೆ ಎಲ್ಲಾರೂ ಬರ್ತಾರ. ಮ್ಯಾಲಿನವರನ್ನ ಕೇಳ್ತೀನಿ, ತಡಿ."

ತಡೆದೆ. ನಲವತ್ತು ನಿಮಿಷ ತಡೆದೆ. ದೂಮಣ್ಣನ ಮೈಯಲ್ಲಿ ಮೊದಲು ಬೆವರು ನಿಂತಿತು. ಆಮೇಲೆ ಅವರಿಗೆ ಮಗಳ ಗುರುತೂ ಸಿಗದಾಯಿತು. ಆಗ ನನಗೆ ಬುದ್ಧಿ ಬಂತು. ಬಾಗಿಲು ತೆರೆದು, ಚೀಟಿಯಿಲ್ಲದೆ ನಿಂತಿದ್ದ ಇಪ್ಪತ್ತೆಂಟು ಜನರನ್ನೂ ಒಳಗೆ ಎಳೆದುಕೊಂಡೆ. ದೂಮಣ್ಣನನ್ನು ತಣ್ಣೀರ ತೊಟ್ಟಿಯಲ್ಲಿ ಮಲಗಿಸಿದೆವು. ಅವರು ಮತ್ತೆ ಕಣ್ಣು ಬಿಡಲಿಲ್ಲ.

'ವಯೋಸಹಜ ಸಾವು' ಎಂದು ಸಂಘ ವರದಿ ಬರೆಯಿತು. ನಿಯಮ ಮುರಿದಳೆಂದು ನನ್ನನ್ನು ತೆಗೆದುಹಾಕಿತು. ವಿಚಾರಣೆಗೆ ಬಂದ ಜಲಜಾ ಎಲ್ಲರ ಮುಂದೆ ಹೇಳಿದಳು: "ಇವರು ಬಾಗಿಲು ತೆಗೆದದ್ದು ತಪ್ಪಲ್ಲ. ತಡ ಮಾಡಿದ್ದು ತಪ್ಪು."

ಅದು ಸರಿಯಾದ ತೀರ್ಪು. ಈಗ ನಾವು ಕೆಲವರು ಊರ ಹೊರಗೆ ನೆಲ ಅಗೆದು ಇನ್ನೊಂದು ತಂಪುಮನೆ ಮಾಡುತ್ತಿದ್ದೇವೆ. ಜಲಜಾ ನನ್ನ ಜೊತೆ ಮಾತಾಡುವುದಿಲ್ಲ, ಗುದ್ದಲಿ ಮಾತ್ರ ಕೈಗೆ ಕೊಡುತ್ತಾಳೆ.

ಸುತ್ತೋಲೆ ಬರೆದವರು ರಾಕ್ಷಸರಲ್ಲ. ಸಭೆಯಲ್ಲಿ ಚಹಾ ಕುಡಿದು, ಕೈ ಎತ್ತಿ, ಮನೆಗೆ ಹೋದವರು. ಅಂಥ ಸಭೆಗಳು ನಿಮ್ಮಲ್ಲೂ ನಡೆಯುತ್ತಿರುತ್ತವೆ. ನೀವೂ ಅಲ್ಲಿಗೆ ಹೋಗಿ. 'ಸಣ್ಣದೊಂದು ತಿದ್ದುಪಡಿ' ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ನಿಂತು ಜಗಳ ಮಾಡಿ. ಆ ತಿದ್ದುಪಡಿಯ ಕಾಗದ ನನ್ನಂಥ ವಿಧೇಯರ ಕೈ ಸೇರುವ ಮೊದಲೇ ಹರಿದುಹಾಕಿ.