ಆರನೇ ಚೌಕದ ನಗು ಆ ಹುಡುಗಿಯದಲ್ಲ

ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಮದುವೆಯನ್ನು ತಡೆಯಿರಿ ಎಂದು ನಾನು ಕೊಟ್ಟ ದೂರನ್ನು ನೀವು ಒಂದು ಚಿತ್ರ ನೋಡಿ ಮುಚ್ಚಿದ್ದೀರಿ. ಚಿತ್ರದಲ್ಲಿ ಮದುಮಗಳು ನಗುತ್ತಿದ್ದಾಳೆ, ಆದ್ದರಿಂದ ಬಲವಂತ ಕಂಡುಬಂದಿಲ್ಲ ಎಂದು ನಿಮ್ಮ ಹಿಂಬರಹ ಹೇಳುತ್ತದೆ. ಆ ಮದುಮಗಳನ್ನು ಬರೆದವಳು ನಾನು.

ನಿಮ್ಮ ಹೆಸರನ್ನಾಗಲಿ ತಾಲ್ಲೂಕನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆದರೆ ಹುಡುಗಿ ಯಾವ ಊರಿನವಳು ಎಂಬುದೂ ಗೊತ್ತಾಗಿಬಿಡುತ್ತದೆ. ಅವಳನ್ನು ಬಿಂದುಶ್ರೀ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ನೀವು ಯಾರೆಂದು ನಿಮಗೆ ಗೊತ್ತಿದೆ, ಅಷ್ಟು ಸಾಕು.

ನನಗೆ ಮದುವೆಯಾಗಿ ನಾಲ್ಕು ತಿಂಗಳು ಹನ್ನೊಂದು ದಿನ. ನನ್ನ ಗಂಡ ಮಧುಕುಮಾರ್ ಕಾಮಿಕ್ಸ್ ಪುಸ್ತಕಗಳ ಕಲಾವಿದರು. ನಿಮ್ಮ ಮನೆಯವರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಅರ್ಧ ಗಂಟೆ ಉತ್ತರ ಕೊಡುತ್ತೇನೆ. ಶನಿವಾರಗಳಂದು ಅವರು ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಶಾಲೆಗಳಿಗೆ ಹೋಗಿ ಮಕ್ಕಳಿಂದ ಚಿತ್ರಕತೆ ಬರೆಸುತ್ತಾರೆ. ಹಾಳೆ, ಪೆನ್ಸಿಲ್, ರಬ್ಬರ್ ಹೊತ್ತುಕೊಂಡು ನಾನೂ ಹಿಂದೆ ಹೋಗುತ್ತೇನೆ. ಒಂದು ಹಾಳೆಯನ್ನು ಮಡಿಸಿ ಆರು ಚೌಕ ಮಾಡಬೇಕು. ಐದರಲ್ಲಿ ಕತೆ, ಆರನೆಯದು ಖಾಲಿ. ಮುಂದಿನ ಶನಿವಾರ ಎಲ್ಲರ ಕತೆ ಕೇಳಿದ ಮೇಲೆ ಅದನ್ನು ಆ ಮಗುವೇ ತುಂಬಬೇಕು. ಬನ್ನೂರಿನಲ್ಲಿ ಒಬ್ಬ ಹುಡುಗ ಕಳ್ಳನನ್ನು ಹಿಡಿಯುವ ಕುರಿಯ ಕತೆ ಬರೆದ. ದೇವನೂರಿನಲ್ಲಿ ಇಡೀ ವರ್ಷ ತರಗತಿಯಲ್ಲಿ ಬಾಯಿ ಬಿಡದಿದ್ದ ಒಬ್ಬಳು ಮಾತಾಡುವ ಬಸ್ಸಿನ ಕತೆ ಬರೆದು, ಎದ್ದು ನಿಂತು, ಕಂಡಕ್ಟರನ ದನಿಯಲ್ಲಿ ಓದಿದಳು. ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮಕ್ಕಳಿಗೆ ನನ್ನ ಗಂಡ ಹೇಳುವುದು ಇಷ್ಟೇ: "ಚೆನ್ನಾಗಿ ಬರೀಬೇಕು ಅಂತೇನಿಲ್ಲ ಕಣ್ರಪ್ಪ, ನಿಮ್ದೇ ಬರೀರಿ." ನನಗೆ ಹೇಳಿದ ನಿಯಮವೂ ಒಂದೇ. ಮಕ್ಕಳ ಹಾಳೆಯ ಮೇಲೆ ದೊಡ್ಡವರ ಪೆನ್ಸಿಲ್ ಬೀಳಬಾರದು.

ಮಕ್ಕಳ ದಿನಾಚರಣೆಯಂದು ನೀವೇ ವೇದಿಕೆಯ ಮೇಲೆ ಇವರಿಗೆ ಶಾಲು ಹೊದಿಸಿ, ಮಕ್ಕಳ ಮನಸ್ಸನ್ನು ಅವರ ಚಿತ್ರಗಳಲ್ಲಿ ಓದಬೇಕು ಎಂದು ಹೇಳಿದ್ದಿರಿ. ನಾನು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಿದ್ದೆ.

ಬಿಂದುಶ್ರೀಯ ಶಾಲೆಗೆ ಮೊದಲ ಸಲ ಹೋದಾಗ ನಾನು ನನ್ನ ಮದುವೆಯ ಆಲ್ಬಮ್ ತೆಗೆದುಕೊಂಡು ಹೋಗಿದ್ದೆ. ಯಾರೂ ಕೇಳಿರಲಿಲ್ಲ. ತೋರಿಸದೆ ಇರಲಾಗಲಿಲ್ಲ, ಅಷ್ಟೇ. ಒಂಬತ್ತನೇ ತರಗತಿಯ ಹುಡುಗಿಯರೆಲ್ಲ ಮುತ್ತಿಕೊಂಡು ನನ್ನ ಸೀರೆಯ ಬಣ್ಣ, ಇವರ ಪೇಟ, ಕೈಯ ಮೆಹೆಂದಿ ಎಲ್ಲ ನೋಡಿದರು. ಬಿಂದುಶ್ರೀ ಕೊನೆಯ ಪುಟದವರೆಗೂ ಸುಮ್ಮನೆ ನೋಡಿ, ಆಮೇಲೆ ಒಂದು ಪ್ರಶ್ನೆ ಕೇಳಿದಳು.

"ಮಿಸ್, ನೀವು ಬ್ಯಾಡ ಅಂದಿದ್ರೆ ನಿಮ್ಮನೇರು ಏನ್ ಮಾಡೋರು?"

"ಬೇಡ ಅನ್ನೋಕೆ ನಂಗೇನು ಹುಚ್ಚಾ?" ಎಂದು ನಾನು ನಕ್ಕೆ. ಹುಡುಗಿಯರೆಲ್ಲ ನಕ್ಕರು. ಅವಳು ನಕ್ಕಳೋ ಇಲ್ಲವೋ ಎಂದು ಎಷ್ಟು ನೆನಪಿಸಿಕೊಂಡರೂ ನನಗೆ ಹೊಳೆಯುತ್ತಿಲ್ಲ.

ಮುಂದಿನ ಶನಿವಾರ ಅವಳು ಐದು ಚೌಕ ತುಂಬಿಸಿ ತಂದಳು. ಮೊದಲನೆಯದರಲ್ಲಿ ಶಾಲೆಯ ಗೋಡೆಗೆ ಒರಗಿಸಿದ ಸೈಕಲ್. ಎರಡನೆಯದರಲ್ಲಿ ಚಾಪೆಯ ಮೇಲೆ ಕೂತ ನೆಂಟರು, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ಮೂರನೆಯದರಲ್ಲಿ ಬೆನ್ನು ಮಾಡಿ ಕೂತ ಹುಡುಗಿಯ ಜಡೆಗೆ ಹೂ ಮುಡಿಸುವ ಒಂದು ದೊಡ್ಡ ಕೈ. ನಾಲ್ಕನೆಯದರಲ್ಲಿ ಮೊಳೆಗೆ ನೇತುಹಾಕಿದ ಸ್ಕೂಲ್ ಬ್ಯಾಗು, ಅದರ ಪಟ್ಟಿಯಲ್ಲಿ ಒಂದು ಗಂಟು. ಐದನೆಯದರಲ್ಲಿ ಬಸ್ಸು, ಕಿಟಕಿಯಲ್ಲಿ ಒಂದು ಮುಖ. ಮುಖದ ಪಕ್ಕ ಮಾತು ಬರೆಯುವ ಗುಳ್ಳೆ ಇತ್ತು, ಗುಳ್ಳೆಯೊಳಗೆ ಮಾತಿರಲಿಲ್ಲ.

ನಾನು ಅದನ್ನು ಪ್ರೇಮಕತೆ ಎಂದುಕೊಂಡೆ. ನಾಚಿಕೆ ಸ್ವಭಾವದ ಹುಡುಗಿ, ಕೊನೆ ಬರೆಯಲು ಸಂಕೋಚಪಡುತ್ತಿದ್ದಾಳೆ ಎಂದುಕೊಂಡೆ. ಇವರು ಆ ಕಡೆಯ ಬೆಂಚಿನಲ್ಲಿದ್ದರು. ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಆರನೇ ಚೌಕದಲ್ಲಿ ನಾನೇ ಹಾರ ಹಾಕಿಕೊಂಡ ಹೆಣ್ಣು ಗಂಡು ಬರೆದೆ, ಸುತ್ತ ಹೃದಯಗಳನ್ನು ಬರೆದೆ, ಹೆಣ್ಣಿನ ಬಾಯಿಗೆ ಗುಳ್ಳೆ ಬರೆದು ಒಳಗೆ "ನನಗೆ ತುಂಬಾ ಖುಷಿ" ಎಂದು ತುಂಬಿದೆ. ಅವಳು ನೋಡಿದಳು. "ಚೆನ್ನಾಗದೆ ಮಿಸ್" ಎಂದಳು. ಗಂಟೆ ಹೊಡೆದಾಗ ಹಾಳೆಯನ್ನು ಬೆಂಚಿನ ಮೇಲೆಯೇ ಬಿಟ್ಟುಹೋದಳು.

ಮೂರನೇ ಶನಿವಾರ ಅವಳು ಬಂದಿರಲಿಲ್ಲ. ಅವಳ ಪಕ್ಕದಲ್ಲಿ ಕೂರುವ ಹುಡುಗಿಯನ್ನು ಕೇಳಿದೆ. "ಅವ್ಳಿಗೆ ಊ ಮುಡ್ಸವ್ರೆ ಮಿಸ್. ಅಮಾಸೆ ಕಳುದ್ಮೇಲೆ ಮದ್ವೆಯಂತೆ" ಎಂದಳು, ಪರೀಕ್ಷೆಯ ವೇಳಾಪಟ್ಟಿ ಹೇಳುವಷ್ಟು ಸಹಜವಾಗಿ. ಹೂ ಮುಡಿಸಿದರೆಂದರೆ ಮದುವೆ ಗೊತ್ತುಮಾಡಿದರೆಂದೇ ಅರ್ಥ.

ಸೋಮವಾರ ಆ ಹಾಳೆ ಹಿಡಿದು ನಿಮ್ಮ ಕಚೇರಿಗೆ ಬಂದೆ. ಪುಸ್ತಕದ ಅಚ್ಚಿನ ಕೆಲಸಕ್ಕೆಂದು ಇವರು ಆ ವಾರವೆಲ್ಲ ಮೈಸೂರಿನಲ್ಲಿದ್ದರು, ಆದ್ದರಿಂದ ಒಬ್ಬಳೇ ಬಂದೆ. ನೀವು ನನ್ನನ್ನು ಕೂರಿಸಿ ಟೀ ತರಿಸಿದಿರಿ, ಅದನ್ನು ಮರೆತಿಲ್ಲ. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಕೊನೆಯ ಚೌಕದ ಮೇಲೆ ಬೆರಳಿಟ್ಟಿರಿ. "ಕೊನೇಲಿ ಹುಡುಗಿ ಖುಷಿಯಾಗೇ ಇದಾಳಲ್ಲಮ್ಮ. ಅವಳೇ ಬರ್ದಿದಾಳೆ ನೋಡಿ."

ನಾನು ಸುಮ್ಮನಿದ್ದೆ. ಗಂಡ ಹೇಳಿದ ಒಂದೇ ಒಂದು ನಿಯಮವನ್ನು ಮುರಿದಿದ್ದೆನಲ್ಲ, ಹೇಳಲು ನಾಚಿಕೆಯಾಯಿತು. ಒಂದು ಚಿತ್ರದ ಮೂಲೆ ನೋಡಿ ಯಾವ ಅಧಿಕಾರಿಯೂ ತೀರ್ಮಾನ ಮಾಡುವುದಿಲ್ಲ ಎಂದೂ ಅಂದುಕೊಂಡೆ. ಒಂದು ವಾರದಲ್ಲಿ ಹಿಂಬರಹ ಬಂತು. ಬಾಲಕಿಯ ಅಜ್ಜಿಯನ್ನು ದೂರವಾಣಿಯಲ್ಲಿ ವಿಚಾರಿಸಲಾಗಿ ಮದುವೆ ನಿಶ್ಚಯವಾಗಿಲ್ಲವೆಂದು ತಿಳಿಸಿರುತ್ತಾರೆ, ಅಲ್ಲದೆ ಬಾಲಕಿಯು ಸ್ವಹಸ್ತದಿಂದ ಬರೆದ ಚಿತ್ರದಲ್ಲಿ ವಿವಾಹದ ಬಗ್ಗೆ ಸಂತೋಷ ವ್ಯಕ್ತಪಡಿಸಿರುವುದರಿಂದ ಬಲವಂತ ಕಂಡುಬಂದಿರುವುದಿಲ್ಲ, ಕಡತವನ್ನು ಮುಕ್ತಾಯಗೊಳಿಸಿದೆ.

ಮಾನ್ಯರೇ, ನಿಮ್ಮ ಈ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮದುವೆಯೇ ಇಲ್ಲ ಎನ್ನುವ ಅಜ್ಜಿಯನ್ನೂ, ಅದೇ ಮದುವೆಯಲ್ಲಿ ಸಂತೋಷವಾಗಿರುವ ಮೊಮ್ಮಗಳನ್ನೂ ಒಂದೇ ಉಸಿರಿನಲ್ಲಿ ನಂಬಲು ಎಷ್ಟು ದೊಡ್ಡ ಮನಸ್ಸು ಬೇಕು! ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಸರ್ಕಾರಿ ಕನ್ನಡ ನನಗೆ ಅಷ್ಟಾಗಿ ಬಾರದು. ಆದರೂ ಇದು ಗೊತ್ತು: ಹದಿನೆಂಟು ತುಂಬದ ಹುಡುಗಿ ಖುಷಿಯಾಗಿದ್ದಾಳೋ ಇಲ್ಲವೋ ಎಂದು ಕಾನೂನು ಕೇಳುವುದಿಲ್ಲ. ಕೇಳಿದವರು ನೀವು. ಅದೂ ಅವಳನ್ನಲ್ಲ, ಕಾಗದವನ್ನು. ಅವಳೇ ಬರೆದ ಐದು ಚೌಕಗಳು ನಿಮ್ಮ ಕಣ್ಣಿಗೆ ಬೀಳದೆ, ದೊಡ್ಡವಳೊಬ್ಬಳು ಗೀಚಿದ ಒಂದು ಚೌಕ ಮಾತ್ರ ಬಿದ್ದದ್ದು ಹೇಗೆ? ಮಗುವಿನ ಮಾತು ಬೇಕೆಂದಾಗ ದೊಡ್ಡವರ ಮಾತು ಸಿಕ್ಕಿದರೆ ನಿಮ್ಮ ಕೆಲಸ ಹಗುರವಾಗುತ್ತದೆ ಎಂಬುದಷ್ಟೇ ಕಾರಣವೇ? ಈ ಪ್ರಶ್ನೆಗಳನ್ನು ನಾನು ನನಗೂ ಕೇಳಿಕೊಂಡಿದ್ದೇನೆ.

ಇವರು ಮೈಸೂರಿನಿಂದ ಬಂದ ಮೇಲೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಫೋನಿನಲ್ಲಿದ್ದ ಆ ಹಾಳೆಯ ಫೋಟೋವನ್ನು ಬಹಳ ಹೊತ್ತು ನೋಡಿ, "ನನಗೆ ಹೇಳಿ ಏನು ಪ್ರಯೋಜನ, ಅವರಿಗೆ ಹೇಳು" ಎಂದರು.

ಮರುದಿನ ಬಸ್ಸು ಹತ್ತಿ ಅವಳ ಊರಿಗೆ ಹೋದೆ. ಜಗಲಿಯ ಮೇಲೆ ಅವಳ ಅಜ್ಜಿ ಅವರೆಕಾಯಿ ಬಿಡಿಸುತ್ತಿದ್ದರು. ಅವರನ್ನು ಮಲ್ಲಾಜಮ್ಮ ಎನ್ನುತ್ತೇನೆ, ಅದೂ ನಿಜವಾದ ಹೆಸರಲ್ಲ. ಮದುವೆ ಗಿದುವೆ ಏನಿಲ್ಲ, ಮಗು ನೆಂಟರ ಮನೆಗೆ ಹೋಗಿದೆ ಎಂದರು. ತೆರೆದ ಬಾಗಿಲಿನ ಒಳಗೆ ಗೋಡೆಯ ಮೊಳೆಯಲ್ಲಿ ಸ್ಕೂಲ್ ಬ್ಯಾಗು ನೇತಾಡುತ್ತಿತ್ತು. ಒಂದು ಪಟ್ಟಿ ಕಿತ್ತು, ಗಂಟು ಹಾಕಿತ್ತು. ಚಿತ್ರದಲ್ಲೂ ಆ ಗಂಟು ಇತ್ತು. ನಾನು ಅದನ್ನು ಅಲಂಕಾರ ಎಂದುಕೊಂಡಿದ್ದೆ. ಹಾಗಾದರೆ ಆ ಚೌಕಗಳು ಕಟ್ಟುಕತೆಯಲ್ಲ, ಅವಳು ಬರೆದದ್ದು ತನ್ನದನ್ನೇ ಎಂದು ಆಗ ಹೊಳೆಯಿತು. ನಾನು ಒಳಗೆ ನೋಡುತ್ತಿರುವುದು ಮಲ್ಲಾಜಮ್ಮನವರಿಗೆ ಗೊತ್ತಾಯಿತು.

"ಅವ್ವ ಇಲ್ಲ, ಅಪ್ಪ ಇದ್ರೂ ಇಲ್ದಂಗೆ. ನಾಳೆ ನಾನ್ ಕಣ್ಮುಚ್ಕಂಡ್ರೆ ನೀನ್ ಕರ್ಕಂಡೋಗಿ ಸಾಕ್ತೀಯಾ?" ಎಂದರು. ಆಮೇಲೆ ನನ್ನ ತಾಳಿ, ಬಳೆ ಎಲ್ಲ ನೋಡಿ, "ನೀನೂ ಒಸ್ದಾಗ್ ಮದ್ವೆ ಆಗಿದ್ದೀಯ. ಎಷ್ಟ್ ಲಕ್ಷಣವಾಗಿದ್ದೀ ಕಣವ್ವ. ನಿಂಗೆ ಒಳ್ಳೇದಾದದ್ದು ನಮ್ ಮಗೀಗೆ ಬ್ಯಾಡ್ವಾ?" ಎಂದರು. ಆ ಮುದುಕಿಯನ್ನು ನಾನು ದೂರುವುದಿಲ್ಲ. ಅವರಿಗೆ ಇರುವುದು ಹೆದರಿಕೆ. ಆ ಹೆದರಿಕೆಗೆ ಹಾಸ್ಟೆಲ್ ಇದೆ, ಸರ್ಕಾರದ ಸಹಾಯ ಇದೆ ಎಂದು ಹೇಳುವುದು ಯಾರ ಕೆಲಸ?

ಅಲ್ಲಿಂದ ನೇರ ನಿಮ್ಮ ಕಚೇರಿಗೆ ಬಂದೆ, ತಪ್ಪು ಒಪ್ಪಿಕೊಳ್ಳಲು. ಮುಗಿದ ಕಡತ ತೆರೆಯಲು ಸಾಹೇಬರೇ ಬೇಕು, ಅವರು ಮೈಸೂರಿಗೆ ತರಬೇತಿಗೆ ಹೋಗಿದ್ದಾರೆ, ಅಮಾವಾಸ್ಯೆ ಕಳೆಯಲಿ ಬನ್ನಿ ಎಂದರು ನಿಮ್ಮ ಗುಮಾಸ್ತರು. ಮದುವೆ ಮಾಡುವವರು ಕಾಯುತ್ತಿರುವುದೂ ಅದಕ್ಕೇ. ಮಕ್ಕಳ ಸಹಾಯವಾಣಿಗೂ ಕರೆ ಮಾಡಿದ್ದೇನೆ. ಆ ದೂರೂ ನಿಮ್ಮ ಮೇಜಿಗೇ ಬರುತ್ತದಂತೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಈಗ ಇವರು ಸಂಜೆ ಮಲ್ಲಿಗೆ ತಂದು ಜಡೆಗೆ ಮುಡಿಸಲು ಬಂದರೆ, ಹಿಂದೆ ಇರುವುದು ಪ್ರೀತಿಸುವ ಕೈಯೇ ಎಂದು ತಿರುಗಿ ನೋಡಿಕೊಳ್ಳುತ್ತೇನೆ. ನಾನು ಮದುವೆಗೆ ಹೂಂ ಎಂದವಳು. ಬೇಡ ಎಂದಿದ್ದರೆ ಏನಾಗುತ್ತಿತ್ತು ಎಂದು ಆ ಹುಡುಗಿ ಕೇಳುವವರೆಗೂ ನನಗೆ ಯೋಚನೆಯೇ ಬಂದಿರಲಿಲ್ಲ. ಊಟಕ್ಕೆ ಕೂತಾಗ, ಅಂಗಡಿಯಲ್ಲಿ ನಿಂತಾಗ, ಇವರು ಏನೋ ಹೇಳಿ ನನ್ನನ್ನು ನಗಿಸಿದಾಗ, ಅವಳು ಮತ್ತೆ ಕೇಳುತ್ತಾಳೆ. ಕೇಳುವಾಗ ಅವಳ ದನಿಯಲ್ಲಿ ದೂರು ಇರುವುದಿಲ್ಲ. ಗಣಿತದ ಲೆಕ್ಕ ಕೇಳುವ ಹಾಗೆ ಕೇಳುತ್ತಾಳೆ.

ಅಮಾವಾಸ್ಯೆಗೆ ಇನ್ನು ಐದು ದಿನ. ನನ್ನ ಒತ್ತಾಯ ಇಷ್ಟು. ಈ ಪತ್ರವನ್ನು ನನ್ನ ಹೇಳಿಕೆ ಎಂದು ಕಡತಕ್ಕೆ ಸೇರಿಸಿ, ಕಡತ ತೆರೆಯಿರಿ. ಫೋನ್ ಸಾಕು ಎನ್ನಬೇಡಿ, ಖುದ್ದಾಗಿ ಹೋಗಿ. ಒಬ್ಬ ಮಹಿಳಾ ಸಿಬ್ಬಂದಿಯನ್ನು ಕರೆದುಕೊಂಡು ಹೋಗಿ, ಹುಡುಗಿ ಯಾವ ನೆಂಟರ ಮನೆಯಲ್ಲಿದ್ದಾಳೆಂದು ಪತ್ತೆ ಮಾಡಿ, ಬೇರೆ ಯಾರೂ ಇಲ್ಲದಾಗ ಅವಳ ಜೊತೆ ಮಾತಾಡಿ. ಅವಳು ಖುಷಿ ಎಂದರೂ ಮದುವೆ ನಿಲ್ಲಿಸಿ. ಸುಳ್ಳು ಸಾಕ್ಷಿ ಕೊಟ್ಟಳೆಂದು ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಕೈಗೊಳ್ಳಿ, ಅದನ್ನು ಅಮಾವಾಸ್ಯೆ ಕಳೆದ ಮೇಲೆ ಇಟ್ಟುಕೊಳ್ಳಿ. ಮೈಸೂರಿನಿಂದ ಬರಲು ನಿಮಗೆ ಬೇಕಾಗುವುದು ಒಂದು ಗಂಟೆ. ಪತ್ರ ಅಚ್ಚಾದ ದಿನ ಬೆಳಗ್ಗೆ ಹತ್ತಕ್ಕೆ ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತಿರುತ್ತೇನೆ. ಜೀಪಿನಲ್ಲಿ ಜಾಗವಿದ್ದರೆ ಹತ್ತಿಸಿಕೊಳ್ಳಿ, ಇಲ್ಲದಿದ್ದರೆ ನಾನು ಬಸ್ಸಿನಲ್ಲಿ ಹೋಗುತ್ತೇನೆ. ಅಜ್ಜಿಯ ಮನೆ ನನಗೆ ಗೊತ್ತು.

ಇಂತಿ,
ನಿಮ್ಮ ಎದುರು ಕೂತು ಟೀ ಕುಡಿದು, ಹೇಳಬೇಕಾದ್ದನ್ನು ಹೇಳದೆ ಎದ್ದುಬಂದವಳು,
ಅರ್ಪಿತ ಮಧುಕುಮಾರ್
ನಂಜನಗೂಡು