ಮೇಣದ ಕಾಲು

ದಾಬೋಲಿಮ್, ಡಿಸೆಂಬರ್ 2006

ಅವ್ವಾ,

ನಿನ್ನ ಕಾಲು ವಾಸಿಯಾಗಲೆಂದು ಇಗರ್ಜಿಗೆ ನಾನು ಹರಕೆ ಒಪ್ಪಿಸಿದ್ದ ಮೇಣದ ಕಾಲುಗಳನ್ನು ಇವತ್ತು ಜಗಳ ಮಾಡಿ ವಾಪಸ್ ತಂದೆ. ನೀನೇ ಸತ್ತ ಮೇಲೆ ಆ ದೇವರಿಗೇಕೆ ಅವು?

"ಬೇಡಿದ್ದು ಕೊಡ್ತಾನಂತ ಅಲ್ಲವ್ವ, ನಮ್ಮನ್ನ ಹುಟ್ಟಿಸ್ಯಾನಂತ ದೇವರನ್ನ ಆರಾಧಿಸ್ತೀವಿ," ಎಂದರು ಬೆಳಗಾವಿ ಕಡೆಯ ಪಾದ್ರಿ.

ನನಗೆ ಮೈಯೆಲ್ಲ ಉರಿಯಿತು. "ನನ್ನ ಹಡದಾಕಿ ನಮ್ಮವ್ವ. ಸಿಮೆಂಟ್ ಹೊತ್ತು ಸಾಕ್ಯಾಳ. ಆಕಿಗೆ ಯಾರು ಕೈ ಮುಗದಾರ್ರಿ?" ಎಂದು ಎಲ್ಲರ ಮುಂದೆ ಕೂಗಿದೆ.

ಅವರೇ ಆ ಕಾಲುಗಳನ್ನು ತೆಗೆದು ನನ್ನ ಕೈಗಿಟ್ಟರು.

ಕಾಲುಗಳನ್ನು ಈಗ ನಮ್ಮ ದೇವರ ಜಗುಲಿಯ ಮೇಲೆ ಇಟ್ಟಿದ್ದೇನೆ. ಮುಟ್ಟಿ ನಮಸ್ಕರಿಸಲು ಬಗ್ಗಿದೆ, ಆಗಲಿಲ್ಲ. ಇವು ನಿನ್ನ ಕಾಲಲ್ಲ, ಅವ್ವಾ. ಹಿಮ್ಮಡಿಯಲ್ಲಿ ಒಂದೂ ಬಿರುಕಿಲ್ಲ.