ಅತ್ತಿಗೆ ಓದಿದ ಗೋಡೆ

ವಡವಳ್ಳಿ, ಕೊಯಮತ್ತೂರು
18 ಫೆಬ್ರವರಿ 2025

ಶ್ರೀಜಾ ಕಣ್ಣು,

ನೀನು ಚೆನ್ನೈಯಲ್ಲಿ ಕ್ಷೇಮವಾಗಿರಬೇಕು, ನಾನು ಕ್ಷೇಮವಾಗಿಲ್ಲ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ಪಾಠ ಶುರು ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಜ್ಜಿಗೆ ನಾನು ಬರೆದ ಹಳೆಯ ಕಾಗದಗಳನ್ನು ಕೇಳಿದಾಗ ನೀನು, ಕೈಬರಹ ನೋಡಬೇಕು ಎಂದಷ್ಟೇ ಹೇಳಿದ್ದೆ. ಆಳೆತ್ತರ ಹಿಗ್ಗಿಸಿ ಇಲ್ಲಿಯ ಗ್ಯಾಲರಿಯ ಗೋಡೆಗೆ ಹಾಕುತ್ತೀಯೆಂದು ಹೇಳಲಿಲ್ಲ. ಮಾತು ಕನ್ನಡ, ಅಕ್ಷರ ತಮಿಳು. ನಮ್ಮ ಮನೆಯಲ್ಲಿ ಬೇರೆ ಅಕ್ಷರ ಯಾರಿಗೆ ಬರುತ್ತಿತ್ತು? ಗ್ಯಾಲರಿ ನಡೆಸುವ ದಿವಾಕರ್ ಪಕ್ಕದಲ್ಲಿ ಬರೆದು ಹಾಕಿದ್ದಾರೆ: ತಮಿಳರಿಗೆ ಅಕ್ಷರ ತಿಳಿದರೂ ಅರ್ಥ ತಿಳಿಯದು, ಕರ್ನಾಟಕದವರಿಗೆ ಮಾತು ತಿಳಿದರೂ ಅಕ್ಷರ ತಿಳಿಯದು; ಯಾರೂ ಓದಲಾರದ್ದೇ ಇದರ ರಾಜಕೀಯ. ಓದಲಾರರಂತೆ! ನಾನು ಬದುಕಿದ್ದೇನೆ. ನಿನ್ನ ಅತ್ತೆ ಬೆಳ್ಳಿಯಮ್ಮ ಬದುಕಿದ್ದಾರೆ.

ಉದ್ಘಾಟನೆ ಮುಗಿಸಿ ನೀನು ಹೊರಟ ಮಾರನೆಯ ದಿನವೇ ಬೆಳ್ಳಿಯಮ್ಮ ಅತ್ತಿಗೆ ಕುನ್ನತ್ತೂರಿನಿಂದ ಎರಡು ಬಸ್ಸು ಹತ್ತಿ ಬಂದರು, ತಮ್ಮನ ಮಗಳು ಮಾಡಿದ್ದನ್ನು ನೋಡಲು ರೇಷ್ಮೆ ಸೀರೆ ಉಟ್ಟುಕೊಂಡು. ತಡೆಯಲು ನೋಡಿದೆ, ಕೇಳಲಿಲ್ಲ. ಗೋಡೆ ಕಂಡದ್ದೇ, "ತುಳಸೀ, ನಮ್ ಮಾತಲ್ವಾ ಇದು!" ಎಂದು ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. ಕಾಲೇಜು ಮಕ್ಕಳು ಸುತ್ತ ನಿಂತರು. ನಾನು ಅಮ್ಮನಿಗೆ ಬರೆದದ್ದು ಇದು:

"ಅಮ್ಮಾ, ಅತ್ತಿಗೆ ಮಕ್ಳಿಲ್ದವ್ರು. ಅವ್ರ ಕಣ್ಣು ಪಾಪಾ ಮೇಲೆ ಬೀಳ್ತದೆ. ತೊಟ್ಲ ಹತ್ರ ಅವ್ರನ್ನ ಬಿಡೋದೇ ಇಲ್ಲ ನಾನು."

ಧ್ವನಿ ಸಣ್ಣದಾಗುತ್ತ ಹೋದರೂ ಕೊನೆಯವರೆಗೆ ಓದಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ದಿವಾಕರ್ ಓಡಿ ಬಂದು, ಶನಿವಾರವೂ ಬಂದು ಹೀಗೇ ಓದಬೇಕೆಂದು ಕೈಮುಗಿದರು. ಗಾಂಧಿಪುರದ ಬಸ್ ನಿಲ್ದಾಣದವರೆಗೆ ಆಟೋದಲ್ಲಿ ಅತ್ತಿಗೆ ಮುಖವನ್ನು ಹೊರಗೇ ಇಟ್ಟುಕೊಂಡಿದ್ದರು.

ಅವತ್ತು ಫೋನ್ ಮಾಡಿದರೆ ನೀನು ಹೇಳಿದ್ದೇನು? ಗೋಡೆಗೇರಿದ ಮೇಲೆ ಬರೆದವರಿಗೆ ಹಕ್ಕಿಲ್ಲ, ಅರ್ಥ ನೋಡುವವರದ್ದು. ನಿನ್ನ ಅತ್ತೆ ನೋಡುವವರಲ್ಲವೇ? ಅವರು ಹೊತ್ತುಕೊಂಡು ಹೋದ ಅರ್ಥವನ್ನು ಯಾರು ಇಳಿಸುತ್ತಾರೆ? ಇಪ್ಪತ್ತೆರಡು ವರ್ಷದ ಬಾಣಂತಿ ಹೆದರಿ ಬರೆದದ್ದು ಅದು. ಬರೆದ ತಪ್ಪು ನನ್ನದೇ. ಊರಿಗೆ ತೋರಿಸಿದ್ದು ನೀನು.

ನಿನ್ನೆ ಕುನ್ನತ್ತೂರಿಗೆ ಹೋಗಿದ್ದೆ. ಅತ್ತಿಗೆ ಕಾಫಿ ಕೊಟ್ಟರು. ನಾನು ಹೊರಡುವಾಗ, "ನೀನು ಚಿಕ್ಕೋಳು, ಬರ್ದೆ. ನಿನ್ನಮ್ಮ ಅದನ್ನ ಓದಿಟ್ಕೊಂಡೇ ಅಲ್ವಾ ಬಂದಾಗೆಲ್ಲ ನನ್ ಕೈಯೂಟ ಉಂಡಿದ್ದು?" ಎಂದರು. ತಡೆಯಲಾಗಲಿಲ್ಲ ನನಗೆ. ನಿಮ್ಮನ್ನು ಹೊಗಳಿ ಬರೆದ ಇನ್ನೊಂದು ಕಾಗದವಿದೆ, ಶ್ರೀಜಾ ಅದನ್ನು ಹಾಕಿಲ್ಲ ಎಂದೆ. ನಾನು ಟೈಫಾಯ್ಡಿನಲ್ಲಿ ಮಲಗಿದ್ದಾಗ ಹನ್ನೊಂದು ದಿನ ಅವರು ನಿನ್ನನ್ನು ಎದೆಯಿಂದ ಇಳಿಸದೆ ಕಾಪಾಡಿದ್ದೆಲ್ಲ ಅದರಲ್ಲಿದೆ ಎಂದೆ. ಅತ್ತಿಗೆ ಆಗ ನನ್ನ ಮುಖ ನೋಡಿದರು. "ಹೌದಾ? ತಂದು ಕೊಡು, ನಾನೇ ಓದ್ತೀನಿ" ಎಂದರು.

ಗೋಡೆಯ ಮೇಲಿರುವುದನ್ನು ಇವತ್ತೇ ಇಳಿಸಲು ದಿವಾಕರ್‌ಗೆ ಹೇಳು. ನನಗೆ ಇನ್ನು ಪಾಠ ಬೇಡ.

ನಿನ್ನ ಅಮ್ಮ,
ತುಳಸಮ್ಮ

ಇನ್ನೊಂದು ಮಾತು: ಆ ಎರಡನೆಯ ಕಾಗದವನ್ನು ನೀನು ಒಯ್ದ ಕಾಗದಗಳ ಪೆಟ್ಟಿಗೆಯಲ್ಲಿ ಹುಡುಕಬೇಡ. ಹನ್ನೊಂದು ದಿನ ನಿಜ. ಆದರೆ ಅದರ ಬಗ್ಗೆ ಅಮ್ಮನಿಗೆ ನಾನು ಒಂದು ಸಾಲೂ ಬರೆದಿರಲಿಲ್ಲ. ಇವತ್ತು ಬೆಳಿಗ್ಗೆ ಅದನ್ನು ಬರೆಯಲು ಕೂತೆ. ವಯಸ್ಸಾದ ಕೈ, ಅಕ್ಷರ ಆಗಿನಂತೆ ಬರುವುದಿಲ್ಲ, ಅತ್ತಿಗೆಗೆ ಗೊತ್ತಾಗಿಬಿಡುತ್ತದೆ.